ಮಧ್ಯಾಹ್ನವೇ ಹಣ ಕಟ್ಟಿದೆ, ಆದರೂ ಕಂತು ಬೌನ್ಸ್ ಆಗಿದ್ದೇಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಟಿಲ್ಲರ್ ಸಾಲದ ಕಂತು ಪ್ರತಿ ತಿಂಗಳು 5ಕ್ಕೆ ಖಾತೆಯಿಂದ ತಾನಾಗಿಯೇ ಕಟ್ ಆಗುತ್ತದೆ. ಸಾಲ ಕೊಟ್ಟ ಕಂಪನಿಯ ಖಾತೆ ಬೇರೆ ಬ್ಯಾಂಕಿನಲ್ಲಿದೆ. ಕಳೆದ ತಿಂಗಳು ಮಂಡಿ ದುಡ್ಡು ತಡವಾಯ್ತು. 5ರ ಮಧ್ಯಾಹ್ನ ಖಾತೆಗೆ ಹಾಕಿದೆ. ಆದರೂ ಬೌನ್ಸ್! ಬ್ಯಾಂಕಿನವರೂ ಶುಲ್ಕ ಹಿಡಿದರು, ಕಂಪನಿಯವರೂ ಹಿಡಿದರು. ಮ್ಯಾನೇಜರ್ ಕೇಳಿದರೆ ‘ನಮ್ಮ ಕೈಯಲ್ಲಿಲ್ಲ’ ಅಂತಾರೆ. ಹೌದಾ ಸರ್?

ಉತ್ತರ: ಹೌದು, ಮ್ಯಾನೇಜರ್ ಸುಮ್ನೆ ಜಾರಿಕೊಂಡಿಲ್ಲ. ನಿಮ್ಮ ಕಂತು ತೀರ್ಥಹಳ್ಳಿ ಬ್ರಾಂಚಿನ ಕೌಂಟರ್‌ಗೆ ಬರುವುದೇ ಇಲ್ಲ.

ಪಾಸ್‌ಬುಕ್ ತೆಗೆದು ನೋಡಿ. ಆ ಸಾಲಿನಲ್ಲಿ ‘ನ್ಯಾಚ್’ ಅಂತಲೋ ‘ಎಸಿಎಚ್’ ಅಂತಲೋ ಇರುತ್ತದೆ. ಇದು ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ನಡೆಸುವ ಕ್ಲಿಯರಿಂಗ್ ವ್ಯವಸ್ಥೆ. ಬ್ಯಾಂಕ್-ಬ್ಯಾಂಕುಗಳ ನಡುವಿನ ಲೆಕ್ಕ ತೀರಿಸುವುದು ಇದರ ಕೆಲಸ. ಸಾಲ ಪಡೆಯುವಾಗ ನೀವು ಸಹಿ ಹಾಕಿದ ಮ್ಯಾಂಡೇಟ್‌ಗೆ, ಅಂದರೆ ಖಾತೆಯಿಂದ ಕಂತು ಹಿಡಿಯಲು ಕೊಟ್ಟ ಒಪ್ಪಿಗೆಪತ್ರಕ್ಕೆ, ಇಲ್ಲಿ ಒಂದು ನಂಬರ್ ಬಿದ್ದಿರುತ್ತದೆ. ಕಂಪನಿ ನಿಮ್ಮಂಥ ಸಾವಿರಾರು ಜನರ ಕಂತುಗಳನ್ನು ಒಂದೇ ಫೈಲಿನಲ್ಲಿ ಸೇರಿಸಿ, ಮುಂಚಿತವಾಗಿಯೇ ತನ್ನ ಬ್ಯಾಂಕಿಗೆ ಕೊಡುತ್ತದೆ. ಅಲ್ಲಿಂದ ಅದು ಎನ್‌ಪಿಸಿಐಗೆ ಹೋಗುತ್ತದೆ. ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಬೇರೆ ಬೇರೆ ಮಾಡುತ್ತಾರಲ್ವಾ, ಹಾಗೆ ಅಲ್ಲಿ ಬ್ಯಾಂಕ್‌ವಾರು ವಿಂಗಡಣೆ. ನಿಮ್ಮ ಬ್ಯಾಂಕಿನ ಪಾಲು ಅದರ ಕೇಂದ್ರ ಕಂಪ್ಯೂಟರಿಗೆ ಬರುತ್ತದೆ. ಅದು ಸಾಮಾನ್ಯವಾಗಿ ಬೆಳಗ್ಗೆಯೇ ಬ್ಯಾಲೆನ್ಸ್ ನೋಡಿ, ಇದ್ದರೆ ಹಿಡಿಯುತ್ತದೆ, ಇಲ್ಲದಿದ್ದರೆ ‘ಹಣ ಸಾಲದು’ ಅಂತ ವಾಪಸ್ ಕಳಿಸುತ್ತದೆ. ನೀವು ಹಣ ಹಾಕುವಷ್ಟರಲ್ಲಿ ಆ ಉತ್ತರ ಹೋಗಿಯಾಗಿತ್ತು.

ಇನ್ನೊಂದು ವಿಷಯ. ಬ್ಯಾಂಕುಗಳು ಒಂದೊಂದು ಕಂತಿಗೂ ಬೇರೆ ಬೇರೆ ಹಣ ಕಳಿಸುವುದಿಲ್ಲ. ಉದಾಹರಣೆಗೆ, ನಿಮ್ಮ ಬ್ಯಾಂಕ್ ಒಟ್ಟು 90 ಲಕ್ಷ ಕೊಡಬೇಕು, 70 ಲಕ್ಷ ಬರಬೇಕು ಅಂದುಕೊಳ್ಳಿ. ಆಗ ಚಲಿಸುವುದು ಬರೀ 20 ಲಕ್ಷ, ಅದೂ ರಿಸರ್ವ್ ಬ್ಯಾಂಕಿನಲ್ಲಿ ಬ್ಯಾಂಕುಗಳು ಇಟ್ಟಿರುವ ಖಾತೆಗಳ ನಡುವೆ.

‘5 ಭಾನುವಾರ ಬಂದರೆ ಒಂದು ದಿನ ಸಿಗುತ್ತದೆ’ ಅನ್ನುವವರು ಈಗಲೂ ಇದ್ದಾರೆ. ಅದನ್ನು ನಂಬಬೇಡಿ. 2021ರ ಆಗಸ್ಟ್ 1ರಿಂದ ನ್ಯಾಚ್ ರಜಾದಿನವೂ ಓಡುತ್ತದೆ. 4ರ ಸಂಜೆಗೇ ಹಣ ಖಾತೆಯಲ್ಲಿರಲಿ.

ಎರಡು ಶುಲ್ಕ ಬಿದ್ದಿದ್ದು ಹೊಟ್ಟೆ ಉರಿಸುವ ಸಂಗತಿಯೇ. ಆದರೆ ಎರಡೂ ಬೇರೆ ಬೇರೆ ಒಪ್ಪಂದದವು. ಬ್ಯಾಂಕಿನದು ಅದರ ದರಪಟ್ಟಿಯಲ್ಲಿ, ಕಂಪನಿಯದು ಸಾಲಪತ್ರದಲ್ಲಿ ಇರಲೇಬೇಕು. ತಾಳೆ ನೋಡಿ, ಜಾಸ್ತಿ ಹಿಡಿದಿದ್ದರೆ ಬರೆದು ಕೇಳಿ. ಅದೇ ಕಂತನ್ನು ಕಂಪನಿ ಮತ್ತೆ ಕಳಿಸಬಹುದು, ಹಾಗಾಗಿ ಹಾಕಿದ ಹಣ ತೆಗೆಯಬೇಡಿ.

ಸಿಟ್ಟಿನಲ್ಲಿ ಮ್ಯಾಂಡೇಟ್ ರದ್ದು ಮಾಡಿಸಲೂ ಹೋಗಬೇಡಿ. ಸಾಲ ಹಾಗೇ ಉಳಿಯುತ್ತದೆ. ಚೆಕ್ ಬೌನ್ಸಿನ ಹಾಗೆ, ಹಣವಿಲ್ಲದೆ ಇಂಥ ಕಂತು ಬೌನ್ಸ್ ಆದರೂ ಕೇಸ್ ಹಾಕಲು 2007ರ ಪಾವತಿ ಕಾಯ್ದೆಯ 25ನೇ ಸೆಕ್ಷನ್ ಇದೆ. ಅದರ ಬದಲು, ಮಂಡಿ ದುಡ್ಡು ಕೈಸೇರುವ ದಿನ ಲೆಕ್ಕ ಹಾಕಿ, ಕಂತನ್ನು 15ಕ್ಕೋ 20ಕ್ಕೋ ಮುಂದಕ್ಕೆ ಹಾಕಿಕೊಡಿ ಅಂತ ಕಂಪನಿಗೆ ಅರ್ಜಿ ಕೊಡಿ.