ಪ್ರಾಕ್ಸಿಗಳನ್ನು ಜೋಡಿಸಿದಷ್ಟೂ ವೇಗ ಹೆಚ್ಚುತ್ತದೆಯೇ?

ಇಲ್ಲ, ಒಂದು ಮಿತಿಯವರೆಗೆ ಮಾತ್ರ. ಪ್ರಾಕ್ಸಿ ಎಂದರೆ ಬಳಕೆದಾರರ ಪರವಾಗಿ ಜಾಲಪುಟಗಳನ್ನು ತಂದು, ಅವುಗಳ ಪ್ರತಿಯನ್ನು ತನ್ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಳ್ಳುವ ಮಧ್ಯವರ್ತಿ ಸರ್ವರ್. ಸ್ಕ್ವಿಡ್ ಎಂಬ ಪ್ರಾಕ್ಸಿ ತಂತ್ರಾಂಶದಲ್ಲಿರುವ ಐಸಿಪಿ (ಇಂಟರ್ನೆಟ್ ಕ್ಯಾಶ್ ಪ್ರೋಟೋಕಾಲ್) ಪದ್ಧತಿಯನ್ನೇ ನೋಡಿ. ಕೇಳಿದ ಪುಟ ತನ್ನ ಕ್ಯಾಶ್‌ನಲ್ಲಿ ಇಲ್ಲದಿದ್ದರೆ ಪ್ರಾಕ್ಸಿಯು ನೆರೆಯ ಪ್ರಾಕ್ಸಿಗಳನ್ನೆಲ್ಲ ‘ನಿಮ್ಮಲ್ಲಿದೆಯೇ?’ ಎಂದು ವಿಚಾರಿಸುತ್ತದೆ. ಒಟ್ಟು 10 ಪ್ರಾಕ್ಸಿಗಳಿದ್ದರೆ ಒಂದೇ ಪುಟಕ್ಕೆ 9 ಪ್ರಶ್ನೆ, 9 ಉತ್ತರ. ಯಾರಲ್ಲೂ ಇಲ್ಲವೆಂದು ಖಚಿತವಾದ ಮೇಲಷ್ಟೇ ಮೂಲ ಸರ್ವರ್‌ನತ್ತ ಪಯಣ. ಒಂದು ಉತ್ತರ ದಾರಿಯಲ್ಲಿ ಕಳೆದುಹೋದರೂ ಬಳಕೆದಾರ ಇನ್ನಷ್ಟು ಕಾಯಬೇಕು. ಬರೀ ‘ಇಲ್ಲ’ ಎಂಬ ಉತ್ತರಕ್ಕೆ ಇಷ್ಟೊಂದು ಓಡಾಟ ನನಗೆ ದುಬಾರಿ ಎನಿಸುತ್ತದೆ.

1998ರಲ್ಲಿ ಪ್ರಕಟವಾದ ‘ಸಮ್ಮರಿ ಕ್ಯಾಶ್’ ಇದಕ್ಕೆ ಸೊಗಸಾದ ಪರಿಹಾರ: ಪ್ರತಿ ಪ್ರಾಕ್ಸಿಯೂ ತನ್ನಲ್ಲಿರುವ ಪುಟಗಳ ಸಾರಾಂಶವನ್ನು ಬ್ಲೂಮ್ ಫಿಲ್ಟರ್ ಎಂಬ, ಕಡಿಮೆ ಜಾಗ ಹಿಡಿಯುವ ಅಂದಾಜು ಪಟ್ಟಿಯ ರೂಪದಲ್ಲಿ ನೆರೆಯವರಿಗೆ ಮುಂಚಿತವಾಗಿಯೇ ಕೊಟ್ಟಿರುತ್ತದೆ. ಪುಟ ಇರುವಂತೆ ತೋರಿದವರನ್ನು ಮಾತ್ರ ಕೇಳಿದರೆ ಸಾಕು. ಸಾರಾಂಶ ಕೆಲವೊಮ್ಮೆ ತಪ್ಪುತ್ತದೆ, ಆದರೆ ಆ ನಷ್ಟ ಚಿಕ್ಕದು.

ಸಾವಿರಾರು ಬಳಕೆದಾರರಿರುವ ಪ್ರಾಕ್ಸಿಯಲ್ಲಿ ಜನಪ್ರಿಯ ಪುಟಗಳು ಹೇಗೂ ಇರುತ್ತವೆ. ನೆರೆಯ ನೆರವು ಹೆಚ್ಚು ಬೇಕಾಗುವುದು ಚಿಕ್ಕ ಕಚೇರಿಗಳಿಗೆ.