ಪ್ಲಾನರ್ ಎಕ್ಸೆಲ್ ಬಿಡಲಿಲ್ಲ ಅಂತ ಇಂಜಿನಿಯರ್ ಕೆಲಸ ಬಿಡಬೇಕಾ?

ವೃತ್ತಿಯ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬರ ಕಥೆ ಇದು. ಗುರುತು ಸಿಗುವ ವಿವರಗಳನ್ನೆಲ್ಲ ತೆಗೆದಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ಬಂದವರು ಸಾಫ್ಟ್‌ವೇರ್ ಇಂಜಿನಿಯರ್. ಕಾರ್ಖಾನೆಯ ಸಮಸ್ಯೆಯನ್ನು ಗಣಿತದ ಮಾಡೆಲ್ ಆಗಿ ಬರೆದು, ಸಾಲ್ವರ್‌ಗೆ (ಅತ್ಯುತ್ತಮ ಉತ್ತರ ಹುಡುಕುವ ಸಾಫ್ಟ್‌ವೇರ್) ಕೊಟ್ಟು, ಪ್ಲಾನ್ ತೆಗೆಯುವುದು ಅವರ ಕೆಲಸ. ಕೂತ ಕೂಡಲೇ ಹೇಳಿದರು: "ನನ್ನ ಜೊತೆಗಿದ್ದವರೆಲ್ಲ ಎಐ ಕಡೆ ಹೋದರು. ನಾನು ಗಣಿತಜ್ಞ ಡ್ಯಾಂಟ್ಜಿಗ್ 1947ರಲ್ಲಿ ಕೊಟ್ಟ ಸಿಂಪ್ಲೆಕ್ಸ್ ಅನ್ನುವ ಲೆಕ್ಕದ ವಿಧಾನ ಹಿಡಿದುಕೊಂಡು ಕೂತಿದ್ದೇನೆ. ಎಲ್ಲ ಬಿಟ್ಟು ಮೆಷಿನ್ ಲರ್ನಿಂಗ್ ಕಲಿಯಲಾ?" ನಿದ್ದೆ ಕೆಟ್ಟಿತ್ತು, ಬೆಳಗ್ಗೆ ಲ್ಯಾಪ್‌ಟಾಪ್ ತೆರೆಯೋಕೇ ಮನಸ್ಸು ಬರುತ್ತಿರಲಿಲ್ಲ.

ಕಲಿಯಿರಿ ಅಂತಲೂ, ಬೇಡ ಅಂತಲೂ ನಾನು ಹೇಳಲಿಲ್ಲ. ಕೊನೇ ಪ್ರಾಜೆಕ್ಟ್ ಬಗ್ಗೆ ಹೇಳಿ ಅಂದೆ.

ಅದು ಕಾಗದದ ಮಿಲ್. ದೊಡ್ಡ ರೋಲ್‌ಗಳನ್ನು ಗಿರಾಕಿ ಕೇಳಿದ ಅಗಲಕ್ಕೆ ಕತ್ತರಿಸಬೇಕು, ಅಂಚಿನ ವೇಸ್ಟ್ ಕಡಿಮೆ ಆಗಬೇಕು. ಹಳೇ ಸಮಸ್ಯೆ. ಗಣಿತಜ್ಞರಾದ ಗಿಲ್ಮೋರ್ ಮತ್ತು ಗೊಮೊರಿ 1961ರಲ್ಲೇ ದಾರಿ ತೋರಿಸಿದ್ದಾರೆ. ಇವರು ಚೆನ್ನಾಗಿಯೇ ಮಾಡೆಲ್ ಕಟ್ಟಿದ್ದರು, ಲೆಕ್ಕದಲ್ಲಿ ವೇಸ್ಟ್ ಇಳಿದಿತ್ತು. ಆದರೆ ಅಲ್ಲಿ ದಿನದ ಕೆಲಸ ನಿಗದಿ ಮಾಡುವ ಪ್ಲಾನರ್ ಬೆಳಗ್ಗೆ ಆ ಪ್ಲಾನ್ ತೆರೆದು, ಒಮ್ಮೆ ಮೇಲಿಂದ ಕೆಳಗೆ ನೋಡಿ, ಮುಚ್ಚಿ, ತಮ್ಮ ಎಕ್ಸೆಲ್ ಶೀಟ್‌ಗೇ ವಾಪಸ್ ಹೋಗುತ್ತಿದ್ದರು. ಇದು ತಿಂಗಳುಗಟ್ಟಲೆ ನಡೆದಿತ್ತು.

"ಯಾಕೆ ಅಂತ ಕೇಳಿದ್ರಾ?" ಅಂದೆ. ಕೇಳಿರಲಿಲ್ಲ.

ಈ ಫೀಲ್ಡ್ ಮುಗೀತು ಅನ್ನುವ ಭಯದ ಅಡಿಯಲ್ಲಿ ಇದ್ದದ್ದು, ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರೂ ಬಳಸಲಿಲ್ಲವಲ್ಲ ಅನ್ನುವ ನೋವು. ಎರಡನ್ನೂ ಒಟ್ಟಿಗೆ ಗಂಟು ಕಟ್ಟಿ ರಾಜೀನಾಮೆ ಬರೆಯಬೇಡಿ ಅಂತ ನೇರವಾಗಿ ಹೇಳಿದೆ. ಮೆಷಿನ್ ಲರ್ನಿಂಗ್‌ಗೆ ಹೋದರೂ ಆ ನೋವು ಜೊತೆಗೇ ಬರುತ್ತದೆ, ಅಲ್ಲೂ ನೀವು ಕೊಟ್ಟ ಅಂದಾಜನ್ನು ಬದಿಗಿಡುವವರು ಇದ್ದೇ ಇರುತ್ತಾರೆ.

ಕೊಟ್ಟ ಮೊದಲ ಸಲಹೆ: ಒಂದು ಪಾಳಿ ಪೂರ್ತಿ ಪ್ಲಾನರ್ ಪಕ್ಕ ಕೂತ್ಕೊಳ್ಳಿ. ನಿಮ್ಮ ಮಾಡೆಲ್ ಪರ ವಾದ ಮಾಡಬೇಡಿ. ಅವರು ಏನು ಅಳಿಸುತ್ತಾರೆ, ಯಾವುದನ್ನು ಹಿಂದೆ ಮುಂದೆ ಮಾಡುತ್ತಾರೆ, ಅಷ್ಟನ್ನೇ ಬರೆದುಕೊಳ್ಳಿ.

ಮುಂದಿನ ಸಲ ಬಂದಾಗ ಅವರ ಮಾತಿನ ಧಾಟಿಯೇ ಬೇರೆ ಇತ್ತು. ರಾತ್ರಿ ಪಾಳಿಯಲ್ಲಿ ಬ್ಲೇಡ್ ಸೆಟ್ಟಿಂಗ್ ಬದಲಿಸುವ ಫಿಟ್ಟರ್ ಇರುವುದಿಲ್ಲವಂತೆ, ಮಾಡೆಲ್ ಮಾತ್ರ ರಾತ್ರಿಯೇ ಮತ್ತೆ ಮತ್ತೆ ಬದಲಿಸಿ ಅನ್ನುತ್ತಿತ್ತು. ಇನ್ನೊಂದು ಇದಕ್ಕಿಂತ ದೊಡ್ಡದು. ಒಂದು ಸಣ್ಣ ಆರ್ಡರ್ ಸೇರಿದರೂ ಇಡೀ ದಿನದ ಪ್ಲಾನ್ ತಲೆಕೆಳಗಾಗುತ್ತಿತ್ತು. ವೇಸ್ಟ್ ಹೆಚ್ಚುಕಡಿಮೆ ಅಷ್ಟೇ, ಜೋಡಣೆ ಮಾತ್ರ ಪೂರ್ತಿ ಬೇರೆ. ಆಗಲೇ ರೋಲ್ ಇಳಿಸಿಕೊಂಡು ನಿಂತವರು ಇಂಥ ಪ್ಲಾನ್ ನಂಬೋದು ಹೇಗೆ? ಮದ್ದು ಇವರಿಗೇ ಗೊತ್ತಿತ್ತು. ಫಿಟ್ಟರ್ ವಿಷಯಕ್ಕೆ ಒಂದು ಕನ್‌ಸ್ಟ್ರೇಂಟ್ (ಮಾಡೆಲ್ ಮೀರಬಾರದ ಷರತ್ತು), ಹಳೇ ಪ್ಲಾನ್‌ನಿಂದ ದೂರ ಹೋದಷ್ಟೂ ಆಬ್ಜೆಕ್ಟಿವ್‌ನಲ್ಲಿ (ಮಾಡೆಲ್ ಕಡಿಮೆ ಮಾಡಲು ನೋಡುವ ಲೆಕ್ಕ) ಪೆನಾಲ್ಟಿ. ಈಗ ಪ್ಲಾನರ್ ಸಾಲ್ವರ್ ಕೊಟ್ಟ ಪ್ಲಾನ್‌ನಿಂದಲೇ ದಿನ ಶುರು ಮಾಡುತ್ತಾರೆ. ತಿದ್ದುತ್ತಾರೆ, ತಿದ್ದಲಿ ಬಿಡಿ.

ಇನ್ನೊಂದು ಮಾತನ್ನೂ ಹೇಳಿದೆ. ಇಂಟಿಜರ್ ಮಾಡೆಲ್ (ಉತ್ತರ ಪೂರ್ಣ ಸಂಖ್ಯೆಯಲ್ಲೇ ಬರಬೇಕಾದದ್ದು) ಓಡುವಾಗ ಗ್ಯಾಪ್, ಅಂದರೆ ಕೈಗೆ ಸಿಕ್ಕ ಉತ್ತರಕ್ಕೂ ಇದಕ್ಕಿಂತ ಚೆನ್ನಾಗಿ ಸಾಧ್ಯವಿಲ್ಲ ಅನ್ನುವ ಮಿತಿಗೂ ಇರುವ ಅಂತರ, 1%ಗೆ ಇಳಿದರೆ ಸಾಕು ಅಂತ ನಿಲ್ಲಿಸುತ್ತೀರಿ, ನಿಮ್ಮ ವೃತ್ತಿಗೆ ಮಾತ್ರ ಇದೇ ಅತ್ಯುತ್ತಮ ದಾರಿ ಅಂತ ಸಾಬೀತಾಗುವ ತನಕ ಹೆಜ್ಜೆ ಇಡಲ್ಲ ಅಂತೀರಿ.

ಎಐ ಕಲಿಯಿರಿ, ಆದರೆ ಕೆಲಸದಲ್ಲಿದ್ದುಕೊಂಡೇ. ಬೇಡಿಕೆ ಎಷ್ಟು ಬರಬಹುದು ಅಂತ ಅಂದಾಜಿಸಲು ಮೆಷಿನ್ ಲರ್ನಿಂಗ್ ಬೇಕು. ಅಂದಾಜು ಕೈಗೆ ಬಂದ ಮೇಲೆ ಯಾವ ಮೆಷಿನ್‌ನಲ್ಲಿ, ಯಾವಾಗ, ಎಷ್ಟು ಮಾಡಬೇಕು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ, ಎರಡೂ ಗೊತ್ತಿರುವವರು ಜಾಸ್ತಿ ಇಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಹೈಗ್ಸ್, ಓಆರ್-ಟೂಲ್ಸ್‌ನಂಥ ಸಾಲ್ವರ್ ಸಾಫ್ಟ್‌ವೇರ್‌ಗಳು ಪುಕ್ಕಟೆ ಸಿಗುತ್ತವೆ, ದುಬಾರಿ ಲೈಸೆನ್ಸ್ ಬೇಕಿಲ್ಲ. ರೆಸ್ಯೂಮೆಯಲ್ಲಿ ಸುಮ್ನೆ ಸಾಲ್ವರ್‌ಗಳ ಹೆಸರು ತುಂಬುವ ಬದಲು, ನಿಮ್ಮ ಮಾಡೆಲ್‌ನಿಂದ ಯಾರ ಯಾವ ನಿರ್ಧಾರ ಬದಲಾಯಿತು ಅಂತ ಬರೆಯಿರಿ.

ಕೆಲಸ ಬಿಡುವ ಪ್ರಶ್ನೆಯನ್ನು ಆರು ತಿಂಗಳ ನಂತರ ಮತ್ತೆ ನೋಡೋಣ ಅಂತ ಇಬ್ಬರೂ ಒಪ್ಪಿದ್ದೇವೆ. ನಿದ್ದೆ ಮಾತ್ರ ಅಲ್ಲಿಯವರೆಗೆ ಕಾಯುವ ವಿಷಯವಲ್ಲ, ಕೆಲವು ವಾರಗಳಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ನೋಡಲೇಬೇಕು ಅಂತ ಹೇಳಿ ಕಳಿಸಿದ್ದೇನೆ.