ಅಂಕಪಟ್ಟಿ ಅಡವಿಡುವ ವಸ್ತುವಲ್ಲ

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ಲೈನ್ ಮನೆ. ಚಿಕ್ಕಮಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಸೇರುವಾಗಲೇ ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಅಂಕಪಟ್ಟಿ ಇಟ್ಟುಕೊಂಡರು. ಕೊನೆಯ ವರ್ಷದ ಎಸ್‌ಸಿ ಸ್ಕಾಲರ್‌ಶಿಪ್ ಇನ್ನೂ ನನ್ನ ಖಾತೆಗೆ ಬಂದಿಲ್ಲ. ಬಾಕಿ ಫೀಸು ಕಟ್ಟಿದರೆ ಮಾತ್ರ ಅಂಕಪಟ್ಟಿ ಅಂತ ಆಫೀಸಿನವರು ಹೇಳುತ್ತಾರೆ. ಇಂಟರ್‌ವ್ಯೂಗೆ ಒರಿಜಿನಲ್ ಬೇಕು. ಏನು ಮಾಡಲಿ ಮೇಡಂ?
– ಹೆಸರು ಬೇಡ

ಉತ್ತರ: ಕಾಲೇಜು ಮುಗಿಯುವ ಹೊತ್ತಿಗೆ ಇದೇ ಪತ್ರ ಬೇರೆ ಬೇರೆ ಕೈಬರಹದಲ್ಲಿ ನನಗೆ ಬರುತ್ತಿರುತ್ತದೆ. ಮೊದಲು ಕಾನೂನು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಪ್ರವೇಶದ ವೇಳೆ ಮೂಲ ದಾಖಲೆಗಳನ್ನು ವಿದ್ಯಾರ್ಥಿಯ ಎದುರಿಗೇ ತಾಳೆ ನೋಡಿ, ಕೈಗೆ ವಾಪಸ್ ಕೊಡಬೇಕು. ಇಟ್ಟುಕೊಳ್ಳಬಹುದಾದದ್ದು ನೀವು ಸಹಿ ಹಾಕಿದ ಜೆರಾಕ್ಸ್ ಮಾತ್ರ. ಯಾವ ನೆಪ ಹೇಳಿಯೂ ಒರಿಜಿನಲ್ ಕಾಲೇಜಿನ ವಶದಲ್ಲಿ ಇರಕೂಡದು. ವಿಶ್ವವಿದ್ಯಾಲಯದ ಅಧೀನದ ಖಾಸಗಿ ಕಾಲೇಜಿಗೂ ಇದು ಅನ್ವಯ.

ಹಾಗಂತ ಬಾಕಿ ಮನ್ನಾ ಆಯಿತೆಂದು ತಿಳಿಯಬೇಡಿ. ಬಾಕಿ ಬಾಕಿಯೇ, ಅದರ ವಸೂಲಿಗೆ ಕಾಲೇಜಿಗೆ ಬೇರೆ ದಾರಿಗಳಿವೆ. ಆದರೆ ನಿಮ್ಮ ಅಂಕಪಟ್ಟಿ ಸೊಸೈಟಿಯಲ್ಲಿ ಅಡವಿಟ್ಟ ಬಳೆಯಲ್ಲ. ಸ್ಕಾಲರ್‌ಶಿಪ್ ಎಲ್ಲಿ ನಿಂತಿದೆ ಎಂಬುದನ್ನು ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಅದು ಬೇರೆ ಕೆಲಸ, ಇದರ ಜೊತೆ ಗಂಟು ಹಾಕಬೇಡಿ.

"ಆಫೀಸಿನವರು ಹೇಳುತ್ತಾರೆ" ಎಂದಿದ್ದೀರಿ. ಯಾರು? ಯಾವತ್ತು? ಫೀಸಿಗೆ ರಸೀದಿ ಕೊಡುವ ಕಾಲೇಜು "ಕೊಡಲ್ಲ" ಎನ್ನುವುದಕ್ಕೆ ಮಾತ್ರ ರಸೀದಿ ಕೊಡುವುದಿಲ್ಲ. ಆ ರಸೀದಿ ಹುಟ್ಟಿಸುವುದೇ ನಿಮ್ಮ ಮೊದಲ ಕೆಲಸ. ಬಿಳಿ ಹಾಳೆಯಲ್ಲಿ ಪ್ರಾಂಶುಪಾಲರಿಗೆ ಇಷ್ಟು ಬರೆಯಿರಿ: "ಪ್ರವೇಶದ ಸಮಯದಲ್ಲಿ ಈ ಕೆಳಗಿನ ಎರಡು ಮೂಲ ಅಂಕಪಟ್ಟಿಗಳನ್ನು ಕಚೇರಿಗೆ ಒಪ್ಪಿಸಿರುತ್ತೇನೆ. ಅವನ್ನು ಹಿಂದಿರುಗಿಸಿ. ಹಿಂದಿರುಗಿಸಲು ಆಗದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ." ಕೆಳಗೆ ಅವುಗಳ ರಿಜಿಸ್ಟರ್ ನಂಬರು. ಬಡತನ, ಅಮ್ಮನ ಕಾಯಿಲೆ, "ದಯಮಾಡಿ ಕೃಪೆ ತೋರಬೇಕು" ಇವೆಲ್ಲ ಬೇಡ. ನಮ್ಮ ಶಾಲೆಗಳಲ್ಲಿ ರಜಾ ಅರ್ಜಿಯನ್ನೇ ಕೈಮುಗಿದು ಬರೆಯಲು ಕಲಿಸುತ್ತಾರೆ, ಆ ಚಾಳಿ ಪದವಿ ಬಂದರೂ ಬಿಡುವುದಿಲ್ಲ.

ಎರಡು ಪ್ರತಿ ಮಾಡಿ. ಒಂದನ್ನು ಕಾಲೇಜು ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. "ಇದನ್ನೆಲ್ಲ ತಗೊಳ್ಳಲ್ಲಮ್ಮ" ಅಂದರೆ ವಾದ ಮಾಡದೆ ನೇರ ಅಂಚೆ ಕಚೇರಿಗೆ ನಡೆಯಿರಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ತಲುಪಿದ್ದಕ್ಕೆ ಪುರಾವೆ ಅದರಲ್ಲೂ ಸಿಗುತ್ತದೆ. ಸೀಲು ಬಿದ್ದ ಮೇಲೆ ಅಂಕಪಟ್ಟಿ ಬೀರುವಿನಿಂದ ತಾನಾಗಿ ಇಳಿದುಬಂದ ಪ್ರಕರಣಗಳು ನನ್ನ ಕಕ್ಷಿದಾರರಲ್ಲೇ ಇವೆ.

ಆಗಲೂ ಬರದಿದ್ದರೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಿ. 2023ರ ಯುಜಿಸಿ ನಿಯಮಾವಳಿಯಂತೆ ಅದು ಇರಲೇಬೇಕು, 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳುವವರು) ಮೇಲ್ಮನವಿ. ನಿಮ್ಮ ಬಿ.ಕಾಂ. ಕುವೆಂಪು ವಿಶ್ವವಿದ್ಯಾಲಯದ್ದಾದರೆ ಆ ಅರ್ಜಿ ಅದರ ಕೇಂದ್ರ ಕಚೇರಿ ಇರುವ ಶಂಕರಘಟ್ಟಕ್ಕೆ ಹೋಗಬೇಕು. ವಕೀಲರ ಫೀಸಿನ ಚಿಂತೆ ಬೇಡ. ಮಹಿಳೆಯರಿಗೂ ಪರಿಶಿಷ್ಟ ಜಾತಿಯವರಿಗೂ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ, ನಿಮಗೆ ಎರಡರಲ್ಲಿ ಒಂದೇ ಸಾಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಫೀಸು ಬಾಕಿ ಎಂದು ಆರನೇ ಕ್ಲಾಸಿನ ಮಗನನ್ನು ಇಡೀ ದಿನ ವರಾಂಡದಲ್ಲಿ ನಿಲ್ಲಿಸಿದರು. ಈಗ ಟಿಸಿ ತಗೊಂಡು ಹೋಗಿ ಎನ್ನುತ್ತಿದ್ದಾರೆ.
– ಒಬ್ಬ ತಂದೆ, ಆಲೂರು ತಾಲ್ಲೂಕು

ಉತ್ತರ: ಶಿಕ್ಷಣ ಹಕ್ಕು ಕಾಯ್ದೆ, 2009. ಸೆಕ್ಷನ್ 17 ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಸೆಕ್ಷನ್ 16ರಂತೆ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. (ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಾಲೆ ಯಾವ ಬಗೆಯದೆಂದು ನೋಡಿಕೊಳ್ಳಿ.) ನೀವಾಗಿ ಟಿಸಿ ಕೇಳುವ ಅರ್ಜಿಗೆ ಮಾತ್ರ ಸಹಿ ಹಾಕಬೇಡಿ, ಹಾಕಿದರೆ "ಪೋಷಕರೇ ಬಿಡಿಸಿದರು" ಎಂದಾಗುತ್ತದೆ. ಬಿಇಒಗೆ ದೂರು ಬರೆಯಿರಿ. ಮಗು ಹೆದರಿದ್ದರೆ ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಹಾಸನದಲ್ಲಿ ಕಾಲೇಜು ಹಾಸ್ಟೆಲಿನಲ್ಲಿದ್ದೇವೆ. ವಾರ್ಡನ್ ನಮ್ಮ ಮೊಬೈಲ್ ಅನ್‌ಲಾಕ್ ಮಾಡಿಸಿ ವಾಟ್ಸ್‌ಆ್ಯಪ್ ಓದುತ್ತಾರೆ. ಕೇಳಿದರೆ "ನಿಮ್ಮ ಒಳ್ಳೆಯದಕ್ಕೇ" ಎನ್ನುತ್ತಾರೆ.
– ರೂಮಿನ ಗೆಳತಿಯರು

ಉತ್ತರ: ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 2019ರ ಕೇರಳ ಹೈಕೋರ್ಟ್ ತೀರ್ಪು. ಕೋಯಿಕ್ಕೋಡ್ ಜಿಲ್ಲೆಯ ಹಾಸ್ಟೆಲೊಂದರಲ್ಲಿ ಸಂಜೆ 6ರಿಂದ 10ರವರೆಗೆ ಮೊಬೈಲ್ ಒಪ್ಪಿಸಬೇಕೆಂಬ ನಿಯಮವಿತ್ತು. ಒಪ್ಪದ ಹುಡುಗಿಯನ್ನು ಹೊರಹಾಕಿದರು. ಆಕೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಕೋರ್ಟ್ ಆದೇಶಿಸಿತು. ಅದು ಇಲ್ಲಿನ ಕೋರ್ಟುಗಳಿಗೆ ಕಡ್ಡಾಯವಲ್ಲ, ಆದರೆ ತೋರಿಸಲು ಬರುತ್ತದೆ.

ಓದಿನ ಹೊತ್ತಿನಲ್ಲಿ ಮೊಬೈಲ್ ದೂರ ಇಡಿ ಅಂದರೆ ಚರ್ಚೆ ಮಾಡಬಹುದು, ನಾನೂ ತಾಯಿಯೇ. ಇನ್ನೊಬ್ಬರ ಮೆಸೇಜು ಓದುವುದು ಬೇರೆಯೇ ಮಾತು. ಮುಂದಿನ ಸಲ "ಯಾವ ನಿಯಮದಡಿ ಮೇಡಂ, ಬರೆದುಕೊಡಿ" ಎಂದಷ್ಟೇ ಹೇಳಿ. ಪ್ರಾಂಶುಪಾಲರಿಗೆ ಕೊಡುವ ಪತ್ರಕ್ಕೆ ರೂಮಿನವರೆಲ್ಲ ಒಟ್ಟಿಗೆ ಸಹಿ ಹಾಕಿ. ಒಬ್ಬಳೇ ಕೊಟ್ಟರೆ ಆ ಒಬ್ಬಳ ಮನೆಗೆ ಸಂಜೆಯೊಳಗೆ ಫೋನ್ ಹೋಗುತ್ತದೆ.